ನೆಟಲ್‌ಕೋಟಿನ ಗೋಡೆಗೆ ಚೆಂಡುಹೂವಿನ ಹಾರ

ವಿರುಪಾಕ್ಷಪ್ಪ ಒಳಗೆ ಬರುವ ಹೊತ್ತಿಗೆ ನೆಟಲ್‌ಕೋಟ್ ಹಳ್ಳಿಯ ಪೋಸ್ಟ್‌ಮಾಸ್ಟರನ ಹಣೆಗೆ ಕುಂಕುಮ ಬಿದ್ದಾಗಿತ್ತು. ಪಾದ್ರಿಗೂ ಬ್ರೆಡ್ಡಿನ ಅಂಗಡಿಯವನಿಗೂ ಚೆಂಡುಹೂವಿನ ಹಾರ. ಊದಿನಕಡ್ಡಿ ಬೇರೆ ಹೊಗೆಯಾಡುತ್ತಿತ್ತು.

"ಅವ್ವಾ! ಗಿಡಕ್ಕ ನೀರು ಹಾಕು ಅಂತ ಕೀ ಕೊಟ್ರ, ಏನ್ ಮಾಡಿ ಇಟ್ಟಿ?"

"ಇಷ್ಟ್ ಮಂದಿ ಹಿರೇರು ಬರೇ ಕೊಳ್ಳಾಗ ಅದಾರ. ನೋಡಾಕಾಗ್ಲಿಲ್ಲ," ಎಂದಳು ಗದಗಿನಿಂದ ಮಗನ ಜೊತೆಗಿರಲು ಪರದೇಶಕ್ಕೆ ಬಂದಿದ್ದ ಅಂಬವ್ವ.

1985ರ ಮಾತು. ಸರಟೋಗಾದ ಆ ಮನೆಯೊಡತಿ ಮಿಸೆಸ್ ಪೆಲ್ ಇಂಗ್ಲೆಂಡಿನವಳು. ತನ್ನ ಹಳ್ಳಿ ನೆಟಲ್‌ಕೋಟಿನ ಇತಿಹಾಸ ಬರೆಯುತ್ತಿದ್ದಳು. ಅಲ್ಲಿ ಹಿಂದೆ ವಾಸವಾಗಿದ್ದವರ ಫೋಟೋಗಳೆಲ್ಲ ಈ ಗೋಡೆಯ ಮೇಲಿದ್ದವು. ಅವಳ ಹಿತ್ತಲ ಕಾಟೇಜಿನಲ್ಲಿ ತಾಯಿ ಮಗ ಬಾಡಿಗೆಗಿದ್ದರು. ಲೀಸು ಈ ತಿಂಗಳಿಗೆ ಮುಗಿಯುತ್ತಿತ್ತು. ಅದು ಕೈತಪ್ಪಿದರೆ ಮತ್ತೆ ಮಿಲ್ಪಿಟಾಸಿನ ಫ್ರೀವೇ ಪಕ್ಕದ ಅಪಾರ್ಟ್‌ಮೆಂಟೇ ಗತಿ. ಅಂಬವ್ವ ಬಿತ್ತಿದ್ದ ಮೆಂತ್ಯ ಈಗಷ್ಟೇ ಎರಡೆಲೆ ಬಿಟ್ಟಿತ್ತು.

"ಇದು ಸತ್ತವರ ಗ್ವಾಡಿ ಅಲ್ಲವ್ವಾ, ಊರು ಬಿಟ್ಟವರ ಗ್ವಾಡಿ! ಈ ಮೀಸಿಯವ ಆಕಿ ತಮ್ಮ. ಜೀವಂತ ಅದಾನ. ಅವನ್ನ ಕರಕೊಂಡು ಬರಾಕ ಏರ್‌ಪೋರ್ಟಿಗೆ ಹೋಗ್ಯಾಳ!"

ಅಂಬವ್ವ ನಾಲಿಗೆ ಕಚ್ಚಿಕೊಂಡಳು. ಎಲ್ಲಕ್ಕಿಂತ ದೊಡ್ಡ ಹಾರ ಮೀಸೆಯವನಿಗೇ ಬಿದ್ದಿತ್ತು.

ಬಾಗಿಲು ತೆರೆಯಿತು. ಮಿಸೆಸ್ ಪೆಲ್, ಹಿಂದೆ ತಮ್ಮ ಹ್ಯೂ, ಅವನ ಹಿಂದೆ ನಾಲ್ಕು ದೊಡ್ಡ ಟ್ರಂಕು. ಹ್ಯೂ ತನ್ನ ಫೋಟೋದ ಮುಂದೆ ನಿಂತುಬಿಟ್ಟ.

"ಇದೇನು?"

"ನಮ್ಮ ಕಡೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ," ಎಂದು ವಿರುಪಾಕ್ಷಪ್ಪ ಹಸಿ ಸುಳ್ಳು ಹೇಳಿದ.

ಹ್ಯೂ ಆ ಹಾರ ತೆಗೆದು ಕೊರಳಿಗೇ ಹಾಕಿಕೊಂಡ. ಮಿಸೆಸ್ ಪೆಲ್ ಕಣ್ಣೊರೆಸಿಕೊಂಡಳು.

"ನಿಮಗೊಂದು ಮಾತು ಹೇಳಬೇಕಿತ್ತು. ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ. ನೀವೇ ದಾರಿ ತೋರಿಸಿದಿರಿ. ನಿಮ್ಮಿಬ್ಬರದೊಂದು ಫೋಟೋ ಕೊಡಿ."

ಲೀಸು ಗಟ್ಟಿಯಾಯಿತೆಂದು ವಿರುಪಾಕ್ಷಪ್ಪ ಹಿಗ್ಗಿಹೋದ. ಅಂದು ಅಂಬವ್ವ ಹೋಳಿಗೆ ಮಾಡಿದಳು.

ಭಾನುವಾರ ಚಹಾಕ್ಕೆ ಕರೆ ಬಂತು. ಹೋಗಿ ನೋಡಿದರೆ ಪಾದ್ರಿಯ ಪಕ್ಕದಲ್ಲೇ ತಾಯಿ ಮಗನ ಫೋಟೋ. ಇಬ್ಬರ ಹಣೆಗೂ ಕುಂಕುಮ, ಮೇಲೆ ಮೊಳದುದ್ದದ ಹಾರ.

"ಅಯ್ಯ ನನ್ನ ಶಿವನ! ಜೀವ ಇದ್ದಾಗ್ಲೇ ಹಾರ ಹಾಕ್ಯಾಳ!"

ವಿರುಪಾಕ್ಷಪ್ಪನಿಗೆ ನಗು ತಡೆಯಲಾಗಲಿಲ್ಲ. "ಹೆದರಬ್ಯಾಡವ್ವಾ. ಇದು ಸತ್ತವರ ಗ್ವಾಡಿ ಅಲ್ಲ ಅಂತ ಹೇಳಿಲ್ಲೇನು? ಇದು ಬಿಟ್ಟು ಹೋದವರ..."

ಅವನ ಕಣ್ಣು ಕಿಟಕಿಯಾಚೆ ಹೋಯಿತು.

ಹಿತ್ತಲಲ್ಲಿ, ಬಾಡಿದ ಹಾರ ಕೊರಳಲ್ಲೇ ಇಟ್ಟುಕೊಂಡು, ಹ್ಯೂ ಈ ತಾಯಿ ಮಗನ ಕಾಟೇಜಿನ ಕಿಟಕಿಗೆ ಹೊಸ ಪರದೆಯ ಅಳತೆ ತೆಗೆಯುತ್ತಿದ್ದ.