ಕೆಳಗಿನ ಪಂಕ್ತಿ

ಶಾರ್ಕ್ ಮೀನಿನ ಎಣ್ಣೆ ಕಾಯಿಸುವ ವಾಸನೆ ಬಂದರೆ ಚಿಕ್ಕಂದಿನಲ್ಲಿ ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಕಡಲು ಮಲ್ಪೆಯನ್ನು ನುಂಗಿ ನಾವು ನೀರೊಳಗೆ ಬದುಕತೊಡಗಿದ ಮೇಲೆ, ಶಾರ್ಕಿನ ಹಾಗೆಯೇ ನಮಗೂ ಉಂಡದ್ದು ಎಣ್ಣೆಯಾಗಿ ಪಿತ್ತಜನಕಾಂಗದಲ್ಲಿ ತುಂಬಿ ನಮ್ಮನ್ನು ತೇಲಿಸುತ್ತದೆ. ಉಂಡವರು ಮೇಲೆ, ಹಸಿದವರು ಕೆಳಗೆ. ಊಟದ ಪಂಕ್ತಿಯಲ್ಲಿ ಬಡಿಸುವುದು ಮಾತ್ರ ಮೇಲಿನಿಂದ. ಕೆಳಗೆ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಇದಕ್ಕೆ ಮರ್ಯಾದೆ ಎಂದು ಹೆಸರಿಟ್ಟವರ ಬುದ್ಧಿಗೆ ಏನೆನ್ನಲಿ!

ನಿನ್ನೆಯ ಮದುವೆಯೂಟದಲ್ಲಿ ಹಾಲುಗೂಸನ್ನು ಅವುಚಿಕೊಂಡಿದ್ದ ಸುಗಂಧಿ ಎಲ್ಲರಿಗಿಂತ ಕೆಳಗಿದ್ದಳು. ಇನ್ನೊಂದು ಮಾರು ಇಳಿದರೆ ಕತ್ತಲು. ಅಲ್ಲಿಗೆ ಹೋದವರು ಮೇಲೆ ಬಂದದ್ದಿಲ್ಲ.

“ಎಂತ ಮಾರಾಯ್ತಿ, ತಳದಲ್ಲಿ ಚಿಪ್ಪು ಹೆಕ್ಲಿಕ್ಕೆ ಹೊರಟಿದ್ದಾ?” ಎಂದಳು ವಾರಿಜ, ಮೂರನೆಯ ಊಟದ ಪೊಟ್ಟಣ ಬಿಚ್ಚುತ್ತಾ. ಮೇಲಿದ್ದವರೆಲ್ಲ ನಕ್ಕರು. ಹೊಟ್ಟೆ ತುಂಬಿದವರಿಗೆ ನಗು ಎಷ್ಟು ಅಗ್ಗ!

“ತಿಂದದ್ದೆಲ್ಲ ಮಗುವಿಗೇ ಹೋಗ್ತದೆ, ಅಕ್ಕ” ಎಂದಳು ಸುಗಂಧಿ.

ವಾರಿಜಳ ಗಂಡ ಕೊರಗಪ್ಪ ನಗಲಿಲ್ಲ. ತೇಲಿಹೋಗದಂತೆ ಪಂಕ್ತಿಯುದ್ದಕ್ಕೂ ಇಳಿಬಿಟ್ಟ ಹಗ್ಗ ಹಿಡಿದು ಕೆಳಗಿಳಿದ. ತಾನಿನ್ನೂ ಬಿಚ್ಚದ ಪಾಚಿಯೆಲೆಯ ಪೊಟ್ಟಣವನ್ನು ಸದ್ದಿಲ್ಲದೆ ಸುಗಂಧಿಯ ಕೈಗಿಟ್ಟ.