ಎರಡು ಮುಚ್ಚಳ ಹಾಲು

ಸ್ಟೌ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಮೇಲ್ತುಟಿಗೆ ಹೋಗುತ್ತದೆ.

ಆಗ ನಾನು ಮೂರನೇ ಕ್ಲಾಸು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಲ್ಲಿ ಅಮ್ಮ ಮಹಿಳಾ ಸಂಘದಿಂದ ಸಾಲ ಮಾಡಿ ಹಸು ತಂದಿದ್ದಳು. ಸಾಲ ತೀರುವವರೆಗೂ ಹಾಲೆಲ್ಲ ಡೈರಿಗೆ, ಮನೆಯವರಿಗೆಲ್ಲ ಹಾಲಿಲ್ಲದ ಟೀ. ನಾನು ಕಣ್ಣಲ್ಲೇ ಕೇಳಿದರೂ, "ಅಸು ಇನ್ನೂ ಸಂಘದ್ದು ಕಣಮ್ಮಿ, ನಮ್ದಲ್ಲ," ಅನ್ನುತ್ತಿದ್ದಳು.

ಒಂದು ಸಂಜೆ ಹಾಲಿನ ಕ್ಯಾನು ಕೊಟ್ಟು ನನ್ನನ್ನು ಡೈರಿಗೆ ಮುಂದೆ ಕಳಿಸಿದಳು. ಹಾಲು ಇನ್ನೂ ಬೆಚ್ಚಗಿತ್ತು, ನೊರೆ ಇಳಿದಿರಲಿಲ್ಲ. ಬೀದಿ ನಲ್ಲಿಯ ಹತ್ತಿರ ನಿಂತು, ಮುಚ್ಚಳಕ್ಕೆ ಎರಡು ಸಲ ಬಗ್ಗಿಸಿಕೊಂಡು ಕುಡಿದೆ. ಲೆಕ್ಕ ತಪ್ಪಬಾರದೆಂದು ಅದೇ ಮುಚ್ಚಳದಲ್ಲಿ ಎರಡು ಸಲ ನೀರು ಹಿಡಿದು ಸುರಿದೆ.

ಅಮ್ಮ ಹಾಕುವ ಹಾಲಿನಲ್ಲಿ ಅಲ್ಲಿಯವರೆಗೆ ಯಾರೂ ಕುಂದು ಕಂಡಿರಲಿಲ್ಲ. ಅವತ್ತು ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಡೈರಿ ಸೆಕ್ರೆಟರಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಅಷ್ಟರಲ್ಲಿ ಬಂದಿದ್ದ ಅಮ್ಮನಿಗೆ, "ನೀರು ಬಿದ್ದೈತೆ ಕಣಕ್ಕಾ, ತಗೊಂಡೋಗು," ಅಂದರು. ಅಮ್ಮ ನನ್ನ ಮುಖ ನೋಡಿದಳು. "ಕ್ಯಾನು ತೊಳ್ದ ನೀರು ಚೆಲ್ಲೋದು ಮರ್ತೆ ಕಣಣ್ಣ, ನಂದೇ ತಪ್ಪು," ಅನ್ನುತ್ತಲೇ ಸೆರಗಿನ ತುದಿಯಿಂದ ನನ್ನ ಮೇಲ್ತುಟಿ ಒರೆಸಿದಳು.

ಮನೆಗೆ ಬಂದು ಆ ಹಾಲನ್ನೆಲ್ಲ ಒಲೆ ಮೇಲಿಟ್ಟಳು. ಅಷ್ಟು ಹಾಲು ಕಾಯಿಸಿ ಅಭ್ಯಾಸವಿರಲಿಲ್ಲ, ಉಕ್ಕಿ ಬೂದಿಗೆ ಬಿತ್ತು. ಅಪ್ಪನಿಗೆ, ಅಜ್ಜಿಗೆ, ನನಗೆ ಲೋಟದ ತುಂಬ ಕೊಟ್ಟಳು. ನಾನು ಲೋಟವನ್ನು ಹಾಗೇ ಪಕ್ಕಕ್ಕಿಟ್ಟೆ.

ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಸಾಲ ತೀರೋಯ್ತೇನಮ್ಮಿ?" ಅಂತ ಕೇಳಿದಳು.

"ಊಂ ಅತ್ತೆ, ಕುಡೀರಿ," ಅಂದ ಅಮ್ಮನ ಲೋಟದಲ್ಲಿ ಮಾತ್ರ ಅದೇ ಹಾಲಿಲ್ಲದ ಟೀ ಇತ್ತು.