ಕೊಕ್ಕೆಗೆ ಜಾಗವಿಲ್ಲ

ಕಾಮಿಕ್ಸ್ ಪುಟದ ಈ ಚೌಕದಲ್ಲಿ ಕಳ್ಳ ಕೊಕ್ಕೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಚಿತ್ರಕಾರನಿಗೆ ತಿಳಿಯಲಿಲ್ಲ. ಹೊಸ ಕಥೆಗಾರನ ಮಾತುಗಳನ್ನು ಹೊತ್ತ ಗುಳ್ಳೆಯೇ ಮುಕ್ಕಾಲು ಜಾಗ ನುಂಗಿತ್ತು. ಮಿಕ್ಕಿದ್ದರಲ್ಲಿ ಒಂದು ಬಾಗಿಲು, ಅಳುವ ಮಗು, ಜೊತೆಗೆ ಕಥೆಯ ನಾಯಕನಾದ ಕೊಕ್ಕೆಯೂ ಹಿಡಿಸಬೇಕು.

“ಸಾರ್, ಇಷ್ಟೊಂದು ಮಾತು ಬೇಕಾ? ಅವನು ಕಳ್ಳ. ಬೀಗ ಮುರೀತಾನೆ, ಹೋಗ್ತಾನೆ. ಯಾಕೆ ಅಂತ ಯಾರಿಗೂ ಹೇಳಿದವನಲ್ಲ.”

“ಅದೇ ತಪ್ಪಾಗಿರೋದು,” ಎಂದ ಕಥೆಗಾರ, ತಲೆಯೆತ್ತದೆ. “ಓದೋರಿಗೆ ಅವನ ನೋವು ಅರ್ಥ ಆಗ್ಬೇಕು. ಚಿಕ್ಕವನಿದ್ದಾಗ ಅಮ್ಮ ಬಿಟ್ಟುಹೋದ್ಳು, ಅದಕ್ಕೇ ಕದಿಯೋದು. ನೀವು ಅವನನ್ನ ಸ್ವಲ್ಪ ಚಿಕ್ಕದಾಗಿ ಬಿಡಿಸಿ, ಹಿಡಿಸುತ್ತೆ.”

ಕೊಕ್ಕೆಯನ್ನು ಹುಟ್ಟಿಸಿದವನು ಚಿತ್ರಕಾರನಿಗೆ ಅಣ್ಣನಂಥ ಗೆಳೆಯ. ಅವನು ಕೊಕ್ಕೆಯ ಬಾಯಿಗೆ ‘ಹೂಂ’, ‘ಉಹೂಂ’ ಬಿಟ್ಟು ಹೆಚ್ಚೇನೂ ಕೊಟ್ಟವನಲ್ಲ. ಚೌಕದ ತುಂಬ ಆ ಕೆಟ್ಟ ಮನುಷ್ಯ, ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ. ಜನ ಬೈಯುತ್ತಲೇ ಅವನನ್ನು ಹಚ್ಚಿಕೊಂಡಿದ್ದರು. ಗೆಳೆಯ ತೀರಿಕೊಂಡ ಮೇಲೆ ಬಂದ ಕಥೆಗಾರ ಕೊಕ್ಕೆಗೆ ದೇವರಂಥ ಮನಸ್ಸು ಕೊಟ್ಟ. ಅವನ ನಂತರದವನು ಒಬ್ಬ ಪ್ರೇಯಸಿಯನ್ನು ತಂದು ಕಟ್ಟಿದ. ಈಗ ಇವನದು ತಾಯಿಯ ಕಥೆ. ಎಲ್ಲರೂ ಕೊಟ್ಟು ಕೊಟ್ಟೇ ಕೊಕ್ಕೆಯನ್ನು ಬಡವನನ್ನಾಗಿ ಮಾಡಿದರು. ಹಾಗಂತ ಚಿತ್ರಕಾರನೇನು ಸಾಚಾನೇ? ಪ್ರತಿ ಸಲವೂ ಗೊಣಗಿಕೊಂಡೇ ಪೆನ್ಸಿಲು ಚೂಪು ಮಾಡಿದವನು. ಈ ಸಲವೂ ಹೊಟ್ಟೆಪಾಡೆಂದು ಬಿಡಿಸಿಕೊಟ್ಟ.

ಅಚ್ಚಾದ ಸಂಚಿಕೆಯನ್ನು ಎಂದಿನಂತೆ ಗೆಳೆಯನ ಹೆಂಡತಿಗೆ ಒಯ್ದ. ಆಕೆ ಒಂದು ಸಂಚಿಕೆಯನ್ನೂ ಬಿಟ್ಟವಳಲ್ಲ. ಮನೆಯಲ್ಲೂ ಹೂಂ, ಉಹೂಂ ಎನ್ನುತ್ತಲೇ ಸಂಸಾರ ಮಾಡಿ ಮುಗಿಸಿದ ಮನುಷ್ಯ ಆಕೆಯ ಗಂಡ. ಆ ದನಿ ಆಕೆಗೆ ಇನ್ನು ಸಿಗುವುದಿದ್ದರೆ ಕೊಕ್ಕೆಯಲ್ಲಿ ಮಾತ್ರ. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತಳು. ಮೊದಲೆಲ್ಲ ಓದುತ್ತ ಒಬ್ಬಳೇ ನಗುತ್ತಿದ್ದವಳು ಇವತ್ತು ಒಂದೇ ಪುಟದಲ್ಲಿ ನಿಂತುಬಿಟ್ಟಳು.

“ಇದ್ಯಾರಪ್ಪಾ ಇಷ್ಟು ಮಾತಾಡ್ತಿರೋದು?”

“ಕೊಕ್ಕೆನೇ ಅತ್ತಿಗೆ.”

“ನಮ್ಮ ಕೊಕ್ಕೆನಾ? ನಿಮ್ಮಣ್ಣ ಸಾಯೋ ಹೊತ್ತಲ್ಲೂ ನನ್ಹತ್ರ ಇಷ್ಟು ಮಾತಾಡ್ಲಿಲ್ವಲ್ಲೋ!” ಎಂದು ನಗಲು ಹೋದವಳ ಕಣ್ಣು ತುಂಬಿತು. ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಚಿತ್ರಕಾರನಿಗೆ ಸತ್ತವನನ್ನು ಇವಳಿಂದ ಇನ್ನೊಮ್ಮೆ ಕಿತ್ತುಕೊಂಡದ್ದು ತನ್ನ ಕೈಯೇ ಅನ್ನಿಸಿತು.

“ಹೋಗ್ಲಿ ಬಿಡು, ಮಾತು ಬೇಡ. ಮುಖ ನೋಡ್ಕೊಂಡಾದ್ರೂ ಇರ್ತೀನಿ. ಮುಖ ನಿನ್ನ ಕೈಯಿಂದಲೇ ಬಂದಿದ್ದಲ್ವಾ? ಎಲ್ಲಿದಾನೆ ಅವನು?”

ಚಿತ್ರಕಾರ ಪುಟದ ಕೆಳಮೂಲೆಯಲ್ಲಿ ಬೆರಳಿಟ್ಟು ತೋರಿಸಿದ.

ಅತ್ತಿಗೆ ಬಗ್ಗಿ ನೋಡಿದಳು. “ಬೆರಳು ತೆಗಿಯಪ್ಪಾ,” ಎಂದಳು. “ಪೂರ್ತಿ ಮುಚ್ಚಿಹೋಗಿದಾನೆ.”